ಹದ ಮತ್ತು ಅಂಕಿ: ಒಂದು ಆಟಿಕೆ ಕಾರಿನ ಡಿಫರೆನ್ಶಿಯಲ್ ಕಥೆ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಕಾರಣ ಹೇಳಿದರೆ ನಗ್ತೀರಿ. ಕೆಲಸ ಮುಗಿಸಿ ಬಂದ ಮೇಲಿನ ಹೊತ್ತೆಲ್ಲ ಒಂದು ಆಟಿಕೆ ಕಾರಿನ ಹೊಟ್ಟೆ ಬಿಚ್ಚಿಕೊಂಡು ಕೂರುವುದರಲ್ಲೇ ಹೋಯಿತು. ಆಟಿಕೆ ಅಂದರೆ ಜಾತ್ರೆಯಲ್ಲಿ ಸಿಗುವ ಥರದ್ದಲ್ಲ. ರೇಡಿಯೋ ಕಂಟ್ರೋಲಿನಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ಓಡುವ, ದಿಬ್ಬ ಹಾರಿ ಬೀಳುವ, ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯ ಬಗ್ಗಿ. ಶಾಕ್ ಅಬ್ಸಾರ್ಬರ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಎಲ್ಲ ಇರುವಂಥದ್ದು.

ಮೊನ್ನೆ ರಜಕ್ಕೆ ಅಕ್ಕನ ಮಗ ಬಂದಿದ್ದ. ಅವನಿಗೂ ಈ ಹುಚ್ಚು ಹತ್ತಿದೆ, ಹತ್ತಿಸಿದವನು ನಾನೇ. ನನ್ನ ಹಳೇ ಬಗ್ಗಿಯ ಡಿಫರೆನ್ಶಿಯಲ್ ಜೋಡಿಸುತ್ತಾ ಅವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು "ಈ ಬೋಲ್ಟ್ ಟೈಟ್ ಮಾಡು" ಅಂದೆ.

"ಎಷ್ಟು ಟೈಟ್ ಮಾಮ?"

"ಹದವಾಗಿ."

"ಹದ ಅಂದ್ರೆ ಎಷ್ಟು?"

ಉತ್ತರ ನನ್ನ ಬಾಯಿಗೆ ಬರಲಿಲ್ಲ. ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಅಜ್ಜಿ ಬೆಲ್ಲದ ಪಾಕ ತೆಗೆಯುವಾಗ ಎರಡು ಬೆರಳಲ್ಲಿ ಎಳೆದು "ಸಾಕು, ಇಳಿಸು" ಅನ್ನುತ್ತಿದ್ದರಲ್ಲ, ಹಾಗೆ. ಅವನ ಬಗ್ಗಿ ಹೊಸ ಕಾಲದ್ದು. ಅದರ ಡಿಫರೆನ್ಶಿಯಲ್ ಸೆಟ್ಟಿಂಗ್ ಕೇಳಿದರೆ "ಐದು-ಐದು-ಮೂರು" ಅಂತ ಪಟ್ಟನೆ ಹೇಳುತ್ತಾನೆ. ನನ್ನದಕ್ಕೆ ಹದ ಬೇಕು, ಅವನದಕ್ಕೆ ಅಂಕಿ ಸಾಕು. ಇದು ಯಾವಾಗ ಹೀಗಾಯಿತು ಅಂತ ಹಿಂದೆ ನೋಡುತ್ತಾ ಹೋದರೆ ಇನ್ನೂರು ವರ್ಷದ ಕಥೆಯೇ ಸಿಕ್ಕಿತು. ಅದನ್ನೇ ಇಲ್ಲಿ ಹೇಳ್ತಾ ಇದೀನಿ. ಸ್ವಲ್ಪ ಉದ್ದವಾಯ್ತು, ಕಾಫಿ ತಂದುಕೊಂಡು ಕೂತುಕೊಳ್ಳಿ.

*

ಮೊದಲು, ಈ ಡಿಫರೆನ್ಶಿಯಲ್ ಯಾಕೆ ಬೇಕು?

ಎತ್ತಿನ ಗಾಡಿಗೆ ಬೇಡ. ಎತ್ತು ಎಳೆಯುತ್ತದೆ, ಗಾಲಿಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ಉರುಳುತ್ತವೆ. ಗಾಡಿ ತಿರುಗುವಾಗ ಹೊರಗಿನ ಗಾಲಿ ಜಾಸ್ತಿ ಸುತ್ತುತ್ತದೆ, ಒಳಗಿನದು ಕಡಿಮೆ. ಕಡೆಗೀಲು ಗಟ್ಟಿಯಿದ್ದರೆ ಆಯಿತು, ತಕರಾರಿಲ್ಲ. ತಕರಾರು ಶುರುವಾಗುವುದು ಗಾಲಿಯನ್ನೇ ತಿರುಗಿಸಿ ಗಾಡಿ ಓಡಿಸಲು ಹೊರಟಾಗ. ಎರಡು ಚಕ್ರವನ್ನೂ ಒಂದೇ ಅಚ್ಚಿಗೆ ಬಿಗಿದು, ಆ ಅಚ್ಚನ್ನು ಎಂಜಿನ್ ತಿರುಗಿಸಿದರೆ ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಅದು ಸಾಧ್ಯವಿಲ್ಲ.

ನನ್ನ ಬಗ್ಗಿಯ ಲೆಕ್ಕವನ್ನೇ ತಗೊಳ್ಳಿ. ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು 20 ಸೆಂ.ಮೀ. ಅಂತರ. ಒಳಗಿನ ಚಕ್ರ 1 ಮೀಟರ್ ತ್ರಿಜ್ಯದಲ್ಲಿ ಅರ್ಧ ಸುತ್ತು ತಿರುಗಿದರೆ 3.14 ಮೀಟರ್ ಓಡುತ್ತದೆ. ಅದೇ ಹೊತ್ತಲ್ಲಿ ಹೊರಗಿನದು 3.77 ಮೀಟರ್ ಓಡಬೇಕು. ವ್ಯತ್ಯಾಸ 63 ಸೆಂ.ಮೀ. ಅಂಗೈಯಗಲದ ಆ ಚಕ್ರಕ್ಕೆ ಅದು ಎರಡು ಸುತ್ತಿಗಿಂತ ಹೆಚ್ಚು! ಈ ಎರಡು ಸುತ್ತನ್ನು ಎಲ್ಲಾದರೂ ಬಿಟ್ಟುಕೊಡಬೇಕು. ಇಲ್ಲದಿದ್ದರೆ ಟೈರು ನೆಲದ ಮೇಲೆ ಉಜ್ಜುತ್ತದೆ, ಗಾಡಿ ತಿರುಗದೆ ನೇರ ನುಗ್ಗುತ್ತದೆ.

ಈ ಬಿಟ್ಟುಕೊಡುವ ಕೆಲಸ ಮಾಡುವುದೇ ಡಿಫರೆನ್ಶಿಯಲ್. ಎರಡು ಚಕ್ರಕ್ಕೂ ಶಕ್ತಿ ಕೊಡುತ್ತಲೇ, ಒಂದು ಎಷ್ಟು ನಿಧಾನವಾಗುತ್ತದೋ ಇನ್ನೊಂದು ಅಷ್ಟು ಜೋರಾಗಲು ಬಿಡುತ್ತದೆ. ನಮ್ಮ ಆಟೋರಿಕ್ಷಾದ ಹಿಂದಿನ ಎರಡು ಚಕ್ರದ ನಡುವೆಯೂ ಇದೆ, ಲಾರಿಯ ಹಿಂದಿನ ಅಚ್ಚಿನ ಮಧ್ಯೆ ಕುಂಬಳಕಾಯಿಯಂತೆ ಉಬ್ಬಿರುವುದೂ ಅದೇ.

*

ಇದನ್ನು ಮೊದಲು ಕಂಡುಹಿಡಿದವರು ಯಾರು ಅಂತ ಹುಡುಕಿದರೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋಗುವವರಿದ್ದಾರೆ. ಗ್ರೀಸ್ ಹತ್ತಿರ ಸಮುದ್ರದಾಳದಲ್ಲಿ ಸಿಕ್ಕ ಆಂಟಿಕಿಥೆರಾ ಯಂತ್ರದಲ್ಲಿ ಡಿಫರೆನ್ಶಿಯಲ್ ಇತ್ತು ಅಂತ ಡೆರೆಕ್ ಡಿ ಸೊಲ್ಲಾ ಪ್ರೈಸ್ 1974ರಲ್ಲಿ ವಾದಿಸಿದ್ದರು. ಆಮೇಲೆ ಬಂದ ಸಂಶೋಧಕರು ಆ ಹಲ್ಲುಚಕ್ರಗಳನ್ನು ಎಕ್ಸ್-ರೇ ತೆಗೆದು ನೋಡಿ, ಅಲ್ಲಿ ಅದಿಲ್ಲ ಅಂತ ತೋರಿಸಿದರು. ಚೀನಾದಲ್ಲಿ 3ನೇ ಶತಮಾನದ ಮಾ ಜುನ್ ಎಂಬಾತ, ಎತ್ತ ತಿರುಗಿದರೂ ದಕ್ಷಿಣಕ್ಕೇ ಕೈ ತೋರಿಸುವ ಗೊಂಬೆಯ ರಥ ಮಾಡಿದ್ದ. ಅದರೊಳಗೂ ಡಿಫರೆನ್ಶಿಯಲ್ ಇತ್ತೇನೋ ಅನ್ನುವುದು ಊಹೆ. ರಥವೇ ಉಳಿದಿಲ್ಲ, ಬಿಚ್ಚಿ ನೋಡುವ ಹಾಗಿಲ್ಲ.

ಕಾಗದದ ಮೇಲೆ ಗಟ್ಟಿಯಾಗಿ ಸಿಗುವುದು ಫ್ರಾನ್ಸಿನ ಓನೆಸಿಫೋರ್ ಪೆಕರ್. ಹಬೆಯಿಂದ ಓಡುವ ಗಾಡಿಗಾಗಿ ಈತ ಮಾಡಿದ ಡಿಫರೆನ್ಶಿಯಲ್‌ಗೆ 1828ರಲ್ಲಿ ಪೇಟೆಂಟ್ ಸಿಕ್ಕಿತು.

ನನಗೆ ಇಷ್ಟವಾಗುವುದು ಮಾತ್ರ ಇಂಗ್ಲೆಂಡಿನ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಕಥೆ. ಹೊಲಿಗೆ ಮೆಷಿನ್ ಮಾಡುತ್ತಿದ್ದವನು ಸೈಕಲ್ ಮಾಡಲು ಹೊರಟ ಮನುಷ್ಯ. 1870ರ ದಶಕದಲ್ಲಿ ಇಬ್ಬರು ಅಕ್ಕಪಕ್ಕ ಕೂತು ತುಳಿಯುವ ಗಾಡಿಯೊಂದನ್ನು ಮಾಡಿದ. ಒಬ್ಬೊಬ್ಬರು ತುಳಿಯುವುದು ಒಂದೊಂದು ಚಕ್ರವನ್ನು. ಒಂದು ದಿನ ಮಗ ವಿಲಿಯಂ ಜೊತೆ ಹೊರಟನಂತೆ. ಮಗನ ಕಾಲಿನ ಕಸುವು ಜಾಸ್ತಿ, ಅಪ್ಪನದು ಕಡಿಮೆ. ಗಾಡಿ ಅಪ್ಪನ ಕಡೆಗೆ ವಾಲುತ್ತಾ ವಾಲುತ್ತಾ ಹೋಗಿ ಕೊನೆಗೆ ಅಪ್ಪನನ್ನು ತುರಿಕೆ ಗಿಡಗಳ ಮಧ್ಯೆ ಕೆಡವಿತಂತೆ! ಮೈ ತುರಿಸಿಕೊಳ್ಳುತ್ತಾ ಕೂತಾಗಲೇ ಪರಿಹಾರ ಹೊಳೆಯಿತು ಅಂತ ಕಥೆ. ತುರಿಕೆ ಗಿಡದ ಭಾಗ ಎಷ್ಟು ನಿಜವೋ, 1877ರಲ್ಲಿ ಆತ ತ್ರಿಚಕ್ರ ಸೈಕಲ್ಲಿಗೆ ಡಿಫರೆನ್ಶಿಯಲ್ ಹಾಕಿದ್ದಂತೂ ನಿಜ. ಮುಂದೆ 1885ರಲ್ಲಿ ಕಾರ್ಲ್ ಬೆಂಜ್ ಕಟ್ಟಿದ ಮೋಟಾರು ಗಾಡಿಯಲ್ಲೂ ಡಿಫರೆನ್ಶಿಯಲ್ ಇತ್ತು. ಅಂದರೆ ಮೋಟಾರು ಗಾಡಿ ಅದನ್ನು ಸೈಕಲ್ ಕಾಲದಿಂದಲೇ ಜೊತೆಗೆ ತಂದುಕೊಂಡಿತು.

*

ಆದರೆ ಇದಕ್ಕೊಂದು ಕೆಟ್ಟ ಗುಣ ಇದೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡಿದ್ದು ನೋಡಿದ್ದೀರಾ? ಒಂದು ಚಕ್ರ ಕೆಸರಲ್ಲಿ ಗರಗರ ತಿರುಗುತ್ತಿರುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಂತಿರುತ್ತದೆ. ಸಾದಾ ಡಿಫರೆನ್ಶಿಯಲ್ ಎರಡೂ ಕಡೆಗೆ ಸಮನಾದ ಬಲವನ್ನೇ ಹಂಚುತ್ತದೆ. ಹಿಡಿತವಿಲ್ಲದ ಚಕ್ರವನ್ನು ತಿರುಗಿಸಲು ಎಷ್ಟು ಅಲ್ಪ ಬಲ ಸಾಕೋ, ಹಿಡಿತ ಇರುವ ಚಕ್ರಕ್ಕೂ ಅಷ್ಟೇ ಸಿಗುವುದು. ಅದಕ್ಕೇ ಟ್ರ್ಯಾಕ್ಟರಿನಲ್ಲಿ ಡಿಫರೆನ್ಶಿಯಲ್ ಲಾಕ್ ಅಂತ ಇರುತ್ತದೆ. ಒತ್ತಿದರೆ ಎರಡೂ ಚಕ್ರ ಒಂದಾಗಿ ಎದ್ದು ಬರುತ್ತವೆ. ಗಟ್ಟಿ ನೆಲಕ್ಕೆ ಬಂದ ಮೇಲೆ ಬಿಡಬೇಕು.

ಪೂರ್ತಿ ಬಿಟ್ಟುಕೊಟ್ಟರೆ ಒಂದು ಕಷ್ಟ, ಪೂರ್ತಿ ಬಿಗಿ ಹಿಡಿದರೆ ಇನ್ನೊಂದು ಕಷ್ಟ. ಮಧ್ಯದಲ್ಲೆಲ್ಲೋ ನಿಲ್ಲಬೇಕು. 1930ರ ದಶಕದಲ್ಲಿ ಫರ್ಡಿನಂಡ್ ಪೋರ್ಷೆ ವಿನ್ಯಾಸ ಮಾಡಿದ ಆಟೋ ಯೂನಿಯನ್ ರೇಸ್ ಕಾರುಗಳು ಎಷ್ಟು ಬಲಶಾಲಿ ಅಂದರೆ ತಿರುವಿನಲ್ಲಿ ಹಗುರಾದ ಒಳಚಕ್ರ ಸುಮ್ಮನೆ ಗಿರ್ರನೆ ತಿರುಗಿಬಿಡುತ್ತಿತ್ತು. ಆಗ ಜರ್ಮನಿಯ ಝಡ್‌ಎಫ್ ಕಂಪನಿಯಿಂದ, ಸ್ವಲ್ಪ ಮಟ್ಟಿಗೆ ಮಾತ್ರ ಬಿಟ್ಟುಕೊಡುವ ಡಿಫರೆನ್ಶಿಯಲ್ ಮಾಡಿಸಿದರು. ಇಂಥವನ್ನು ಲಿಮಿಟೆಡ್ ಸ್ಲಿಪ್ ಅಂತಾರೆ. ಅಲ್ಲಿಂದ ಮುಂದೆ ಪ್ರಶ್ನೆಯೇ ಬದಲಾಯಿತು. ಡಿಫರೆನ್ಶಿಯಲ್ ಬೇಕೋ ಬೇಡವೋ ಅನ್ನುವುದು ಮುಗಿಯಿತು. ಅದು ಎಷ್ಟು ಹಠ ಮಾಡಬೇಕು ಅನ್ನುವುದು ಶುರುವಾಯಿತು. ಅಂದರೆ, ಹದ!

*

ಈಗ ಆಟಿಕೆಗೆ ಬರೋಣ.

ಜಪಾನಿನ ಶಿಜುಓಕಾದ ತಾಮಿಯಾ ಕಂಪನಿ ತನ್ನ ಮೊದಲ ರೇಡಿಯೋ ಕಂಟ್ರೋಲ್ ಕಾರನ್ನು, ಪೋರ್ಷೆ 934ರ ಮಾದರಿಯನ್ನು, 1976ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದು ಟಾರು ರಸ್ತೆಯ ಕಾರು. 1979ರಲ್ಲಿ ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಅನ್ನುವ ಬಗ್ಗಿಗಳು ಬಂದವು. ಮರಳು, ಮಣ್ಣು, ಕಲ್ಲು ಎಲ್ಲದರ ಮೇಲೂ ಓಡಿಸಬಹುದು ಅಂದಾಗ ಹುಡುಗರಿಗೆ ಹುಚ್ಚೇ ಹಿಡಿಯಿತು. 1984ರಲ್ಲಿ ಬಂದ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಎಷ್ಟು ಮನೆಗಳಲ್ಲಿ ಊಟದ ಟೇಬಲ್ ಮೇಲೆ ಬಿಡಿ ಬಿಡಿಯಾಗಿ ಹರಡಿಕೊಂಡವೋ. ಈಗಿನ ಐವತ್ತು ದಾಟಿದ ಜಪಾನಿ, ಇಂಗ್ಲಿಷ್, ಅಮೆರಿಕನ್ ಗಂಡಸರ ಹತ್ತಿರ ಹಾರ್ನೆಟ್ ಅಂದು ನೋಡಿ, ಕಣ್ಣು ಹೊಳೆಯುತ್ತದೆ. ತಾಮಿಯಾ ಅದನ್ನು 2004ರಲ್ಲಿ ಮತ್ತೆ ತಂದಿದ್ದೂ ಆ ಹೊಳಪಿಗಾಗಿಯೇ.

ಹಾರ್ನೆಟ್ಟಿನ ಡಿಫ್ಫು ಅಂದರೆ ಸ್ಟಾರ್ಲಿ ಕಾಲದ ಕಲ್ಪನೆಯೇ. ಪುಟ್ಟ ಬೆವೆಲ್ ಗೇರುಗಳು, ಒಂದಿಷ್ಟು ಗ್ರೀಸು. ಹಿತ್ತಲಲ್ಲಿ ಓಡಿಸಲು ಧಾರಾಳ ಸಾಕು. ಆದರೆ ರೇಸಿಗೆ ಹೋದವರಿಗೆ ಗದ್ದೆಯ ಟ್ರ್ಯಾಕ್ಟರಿನ ಕಷ್ಟವೇ ಎದುರಾಯಿತು. ಬಗ್ಗಿ ದಿಬ್ಬ ಹಾರಿ ಒಂದು ಚಕ್ರ ಗಾಳಿಯಲ್ಲಿದ್ದರೆ ಶಕ್ತಿಯೆಲ್ಲ ಆ ಕಡೆಗೇ ಸೋರಿಹೋಯಿತು. ಗೇರುಗಳ ಮಧ್ಯೆ ದಪ್ಪ ಗ್ರೀಸ್ ತುಂಬಿದರು, ಗೋಡೆಗೆ ಪೋಸ್ಟರ್ ಅಂಟಿಸುವ ಮೆತ್ತನೆ ಅಂಟು ತುರುಕಿದರು. ಇವತ್ತು ಸರಿಯಾದದ್ದು ನಾಳೆ ಸಡಿಲ.

ಇದಕ್ಕೆ ಉತ್ತರ ಆಗಲೇ ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ ಹುಟ್ಟಿತ್ತು. ಫಾರ್ಮುಲಾ ಒನ್ ಎಂಜಿನ್ನುಗಳಿಗೆ ಹೆಸರಾದ ಕಾಸ್‌ವರ್ತ್ ಅಲ್ಲಿಯದೇ. ಅಲ್ಲಿ ಟ್ರಾನ್ಸ್‌ಮಿಷನ್ ಎಂಜಿನಿಯರ್ ಆಗಿದ್ದ ಸೆಸಿಲ್ ಶೂಮಾಕರ್ 1980ರಲ್ಲಿ ಸ್ವಂತ ಕಂಪನಿ ತೆರೆದರು. (ರೇಸ್ ಡ್ರೈವರ್ ಶೂಮಾಕರ್‌ಗೂ ಇವರಿಗೂ ಏನೂ ಸಂಬಂಧ ಇಲ್ಲ!) ಕಂಪನಿಯ ಹೆಸರು ಮಾಡಿದ ಸಾಮಾನು ಬಾಲ್ ಡಿಫರೆನ್ಶಿಯಲ್. ಮಾದರಿ ಕಾರಿನ ಲೋಕದಲ್ಲಿ ಅದರ ಶ್ರೇಯಸ್ಸು ಅವರಿಗೇ ಸಲ್ಲುತ್ತದೆ.

ಇದರ ಚಂದ ನೋಡಿ. ಡಿಫ್ಫಿನ ಒಳಗೆ ಒಂದು ಹಲ್ಲೂ ಇಲ್ಲ. ಒಂದು ಪ್ಲಾಸ್ಟಿಕ್ ಗೇರ್ ಚಕ್ರ, ಅದರಲ್ಲಿ ಸುತ್ತಲೂ ತೂತುಗಳು, ತೂತಿಗೊಂದು ಉಕ್ಕಿನ ಗುಂಡು. ಬಗ್ಗಿಗಳಲ್ಲಿ ಸಾಮಾನ್ಯವಾಗಿದ್ದ ಗುಂಡಿನ ಅಡ್ಡಳತೆ ಅಂಗುಲದ 32ರಲ್ಲಿ 3 ಪಾಲು, ಅಂದರೆ ಸುಮಾರು 2.4 ಮಿ.ಮೀ. ಸಾಸಿವೆ ಕಾಳಿಗಿಂತ ತುಸು ದಪ್ಪ. ಗುಂಡುಗಳು ಗೇರಿನ ಎರಡೂ ಬದಿಗೆ ಸ್ವಲ್ಪ ಇಣುಕುತ್ತಿರುತ್ತವೆ. ಆ ಕಡೆ ಒಂದು, ಈ ಕಡೆ ಒಂದು ನುಣುಪಾದ ಉಕ್ಕಿನ ಬಳೆ. ಒಂದೊಂದು ಬಳೆ ಒಂದೊಂದು ಚಕ್ರಕ್ಕೆ ಸೇರಿದ್ದು. ನಡುವೆ ಹಾಯುವ ತೆಳ್ಳನೆ ಉದ್ದ ಬೋಲ್ಟ್ ಎಲ್ಲವನ್ನೂ ಒತ್ತಿ ಹಿಡಿಯುತ್ತದೆ. ಬೋಲ್ಟಿನ ತಲೆಯ ಹತ್ತಿರ ಥ್ರಸ್ಟ್ ಬೇರಿಂಗ್, ಅದರಲ್ಲಿ ಇನ್ನೂ ಸಣ್ಣ ಗುಂಡುಗಳು. ಮತ್ತೊಂದು ತುದಿಯಲ್ಲಿ ಪುಟ್ಟ ಸ್ಪ್ರಿಂಗ್.

ನೇರ ಓಡುವಾಗ ಗುಂಡುಗಳು ಉರುಳುವುದಿಲ್ಲ, ಗೇರಿನ ಜೊತೆ ಬಳೆಗಳನ್ನೂ ಹೊತ್ತುಕೊಂಡು ಸುತ್ತುತ್ತವೆ. ತಿರುವಿನಲ್ಲಿ ಒಂದು ಬಳೆ ಹಿಂದುಳಿದರೆ ಗುಂಡುಗಳು ತಮ್ಮ ತೂತಿನಲ್ಲೇ ಉರುಳಿ ಇನ್ನೊಂದು ಬಳೆಯನ್ನು ಅಷ್ಟೇ ಮುಂದಕ್ಕೆ ತಳ್ಳುತ್ತವೆ. ಬೆವೆಲ್ ಗೇರ್ ಹಲ್ಲಿನಿಂದ ಮಾಡುವ ಕೆಲಸವನ್ನು ಇದು ಬರೀ ಒತ್ತಡದಿಂದ ಮಾಡುತ್ತದೆ. ಮುಖ್ಯ ಅಂದರೆ, ಬೋಲ್ಟ್ ತಿರುಗಿಸಿ ಎಷ್ಟು ಬಿಗಿ ಬೇಕೋ ಅಷ್ಟು ಇಟ್ಟುಕೊಳ್ಳಬಹುದು. ಡಿಫ್ಫಿಗೆ ಹದ ಕೊಡುವ ಕಿವಿ ಒಂದು ಸಿಕ್ಕಿತು, ತಂಬೂರಿಗೆ ಇರುವ ಹಾಗೆ.

*

ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಕಂಪನಿ 1984ರಲ್ಲಿ ಆರ್‌ಸಿ10 ಅನ್ನುವ ಬಗ್ಗಿ ತಂದಿತು. ವಿನ್ಯಾಸ ರೋಜರ್ ಕರ್ಟಿಸ್ ಅವರದು. ಚಿನ್ನದ ಬಣ್ಣದ ಅಲ್ಯೂಮಿನಿಯಂ ತೊಟ್ಟಿಯಂಥ ಚಾಸಿಸ್, ಎಣ್ಣೆ ತುಂಬಿದ ಶಾಕುಗಳು, ಗೇರ್‌ಬಾಕ್ಸಿನಲ್ಲಿ ಬಾಲ್ ಡಿಫರೆನ್ಶಿಯಲ್. ಆಟಿಕೆಯ ವೇಷ ಕಳಚಿ ರೇಸಿಗೆಂದೇ ಹುಟ್ಟಿದ ಬಗ್ಗಿ. 1985ರಲ್ಲಿ ಅದೇ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಆಫ್-ರೋಡ್ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಎರಡು ಚಕ್ರಕ್ಕೆ ಶಕ್ತಿ ಇರುವ ವಿಭಾಗವನ್ನು ಜೇ ಹಾಲ್ಸಿ ಗೆದ್ದಿದ್ದು ಆರ್‌ಸಿ10 ಓಡಿಸಿ. ನಾಲ್ಕು ಚಕ್ರದ ವಿಭಾಗ ಗೆದ್ದವರು ಜಪಾನಿನ ಯೊಕೊಮೊ ಬಗ್ಗಿ ಓಡಿಸಿದ ಗಿಲ್ ಲೋಸಿ ಜೂನಿಯರ್.

ಎರಡು ವರ್ಷದ ಮೇಲೆ, 1987ರಲ್ಲಿ, ಇಂಗ್ಲೆಂಡಿನ ರಾಮ್ಸಿಯಲ್ಲಿ ಮತ್ತೆ ವಿಶ್ವ ಚಾಂಪಿಯನ್‌ಶಿಪ್. ನಾಲ್ಕು ಚಕ್ರದ ವಿಭಾಗ ಗೆದ್ದವನು ಹದಿಹರೆಯದ ಜಪಾನಿ ಹುಡುಗ ಮಸಾಮಿ ಹಿರೊಸಾಕಾ. ಓಡಿಸಿದ್ದು ನಮ್ಮ ಸೆಸಿಲ್ ಶೂಮಾಕರ್ ಕಂಪನಿಯ ಕ್ಯಾಟ್ ಬಗ್ಗಿ, ಅದರಲ್ಲಿ ಮುಂದೊಂದು ಹಿಂದೊಂದು ಬಾಲ್ ಡಿಫ್. ಹಿರೊಸಾಕಾ ಮುಂದೆ ಈ ಆಟದ ದಂತಕಥೆಯೇ ಆದರು. ಅಲ್ಲಿಂದ ಹೆಚ್ಚು ಕಡಿಮೆ ಇಪ್ಪತ್ತೈದು ವರ್ಷ, ಹತ್ತನೇ ಒಂದು ಅಳತೆಯ ರೇಸ್ ಬಗ್ಗಿ ಅಂದರೆ ಬಾಲ್ ಡಿಫ್ ಅನ್ನುವಂತಾಯಿತು.

*

ನನ್ನ ಕೈಗೆ ಈ ಇತಿಹಾಸ ಬಂದಿದ್ದು ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ. ಒಂದು ಗ್ಯಾರೇಜ್ ಸೇಲಿನಲ್ಲಿ ಹಳೇ ಆರ್‌ಸಿ10 ಸಿಕ್ಕಿತು. ಚಿನ್ನದ ಬಣ್ಣವೆಲ್ಲ ಗೀಚಿಹೋಗಿತ್ತು. ಊರಲ್ಲಿ ಚಿಕ್ಕವನಿದ್ದಾಗ ರೇಡಿಯೋ ಕಂಟ್ರೋಲ್ ಕಾರನ್ನು ಅಂಗಡಿ ಗಾಜಿನ ಆಚೆಯಿಂದಷ್ಟೇ ನೋಡಿದ್ದವನು, ಚೌಕಾಸಿ ಕೂಡ ಮಾಡದೆ ತಂದುಬಿಟ್ಟೆ. ಡಿಫ್ ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಬೆರಳಲ್ಲಿ ತಿರುಗಿಸಿದರೆ ಬೆಣ್ಣೆ ಹಾಗೆ ತಿರುಗಿತು. ಆಹಾ ಅಂದುಕೊಂಡು ಭಾನುವಾರ ಮಣ್ಣಿನ ಟ್ರ್ಯಾಕಿಗೆ ಹೋದೆ.

ನಾಲ್ಕನೇ ಸುತ್ತಿಗೆ ಹಿಂದಿನಿಂದ ನಾಯಿ ಬೊಗಳಿದ ಹಾಗೆ ಸದ್ದು. ಆರನೇ ಸುತ್ತಿಗೆ ಮೋಟಾರು ಕೂಗುತ್ತಿದೆ, ಬಗ್ಗಿ ಮುಂದೆ ಹೋಗುತ್ತಿಲ್ಲ. ಬಿಚ್ಚಿ ನೋಡಿದರೆ ಗುಂಡುಗಳು ಜಾರಿ ಜಾರಿ ಕಾದು ಪ್ಲಾಸ್ಟಿಕ್ ಗೇರಿನ ತೂತುಗಳೇ ಕರಗಿದ್ದವು. ಉಕ್ಕಿನ ಬಳೆಗಳ ಮೇಲೆ ಉಗುರಿಗೆ ಸಿಗುವಂಥ ಗೀರು. ಬೆಣ್ಣೆ ಹಾಗೆ ತಿರುಗಿದ್ದು ಒಳ್ಳೆಯದರ ಗುರುತಲ್ಲ, ಬೋಲ್ಟ್ ಸಡಿಲ ಇದ್ದಿದ್ದರ ಗುರುತು.

ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ವಯಸ್ಸಾದ ಒಬ್ಬರು ನೋಡಿ ನಕ್ಕರು. ಆ ಬೊಗಳುವ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕಿತ್ತು ಅಂದರು. ಆಮೇಲೆ ಎರಡು ಭಾನುವಾರ ನನ್ನನ್ನು ಕೂರಿಸಿಕೊಂಡು ಹೇಳಿಕೊಟ್ಟರು. ಅದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾದೀತು.

ಬಳೆಗಳ ಮೇಲೆ ಗೀರು ಬಿದ್ದಿದ್ದರೆ ಮಗುಚಿ ಇನ್ನೊಂದು ಮುಖ ಬಳಸಬಹುದು. ಗೀರು ಸಣ್ಣದಿದ್ದರೆ ಗಾಜಿನ ಮೇಲೆ ನಯವಾದ ವಾಟರ್ ಪೇಪರ್ ಇಟ್ಟು ಎಂಟರ ಆಕಾರದಲ್ಲಿ ಉಜ್ಜಬೇಕು. ಗುಂಡುಗಳಿಗೆ ಪಾರದರ್ಶಕವಾದ ಸಿಲಿಕೋನ್ ಗ್ರೀಸ್, ಥ್ರಸ್ಟ್ ಬೇರಿಂಗಿಗೆ ಕಪ್ಪನೆ ಮಾಲಿಬ್ಡಿನಮ್ ಗ್ರೀಸ್. ಅದಲು ಬದಲು ಮಾಡಿದಿರೋ ಕೆಟ್ಟಿತು. ಯಾಕೆಂದರೆ ಗುಂಡುಗಳಿಗೆ ಹಿಡಿತ ಬೇಕು, ಥ್ರಸ್ಟ್ ಬೇರಿಂಗಿಗೆ ಜಾರುವುದು ಬೇಕು. ಬೋಲ್ಟನ್ನು ಒಂದೇ ಸಲ ಬಿಗಿಯಬಾರದು. ಸ್ವಲ್ಪ ಬಿಗಿ, ಚಕ್ರ ಕೈಯಲ್ಲಿ ಆಡಿಸು, ಮತ್ತೆ ಸ್ವಲ್ಪ ಬಿಗಿ. ಸ್ಪ್ರಿಂಗ್ ಪೂರ್ತಿ ಮುಚ್ಚಿಕೊಂಡಿತು ಅನ್ನಿಸಿದಾಗ ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟು ಹಿಂದಕ್ಕೆ ಬಿಡು. ಆಮೇಲೆ ಒಂದು ಚಕ್ರ ಹಿಡಿದುಕೊಂಡು ಮೋಟಾರನ್ನು ನಿಧಾನಕ್ಕೆ ಓಡಿಸು, ಅರ್ಧ ನಿಮಿಷ ಈ ಕಡೆ, ಅರ್ಧ ನಿಮಿಷ ಆ ಕಡೆ. ಗುಂಡು ಬಳೆ ಒಂದಕ್ಕೊಂದು ಹೊಂದಿಕೊಳ್ಳಲಿ. ಮತ್ತೆ ಬಿಗಿ ನೋಡು.

ಕೊನೆಯ ಪರೀಕ್ಷೆ: ಹಿಂದಿನ ಎರಡೂ ಚಕ್ರ ಗಟ್ಟಿ ಹಿಡಿದು ಮೋಟಾರಿನ ಪಕ್ಕದ ದೊಡ್ಡ ಗೇರನ್ನು ಹೆಬ್ಬೆರಳಿನಿಂದ ತಳ್ಳು. ಡಿಫ್ ಜಾರಬಾರದು. ಅದಕ್ಕಿಂತ ಮೊದಲು ಸ್ಲಿಪ್ಪರ್ ಕ್ಲಚ್ ಜಾರಬೇಕು.

"ಎಷ್ಟು ಬಲವಾಗಿ ತಳ್ಳಬೇಕು?" ಅಂತ ಆಗ ನಾನೂ ಕೇಳಿದ್ದೆ. ಅವರು ಮಾತಾಡಲಿಲ್ಲ. ತಮ್ಮ ಬಗ್ಗಿಯನ್ನು ನನ್ನ ಕೈಗೆ ಕೊಟ್ಟು ತಳ್ಳಿ ನೋಡು ಅಂದರು. ಆಮೇಲೆ ನನ್ನದನ್ನು ತಳ್ಳಿಸಿದರು. ಹೀಗೆ ಹತ್ತು ಸಲ. ನನ್ನ ಹೆಬ್ಬೆರಳಿಗೆ ಅವರ ಹೆಬ್ಬೆರಳಿನ ಲೆಕ್ಕ ವರ್ಗಾವಣೆ ಆಯಿತು. ಹದ ಅನ್ನುವುದು ಹೀಗೇ ಹರಡುವುದು, ಒಬ್ಬರ ಪಕ್ಕ ಒಬ್ಬರು ಕೂತಾಗ ಮಾತ್ರ.

*

ಈಗ ಅಕ್ಕನ ಮಗನ ಐದು-ಐದು-ಮೂರಕ್ಕೆ ಬರುತ್ತೇನೆ.

ಅವನದು ಎಂಟನೇ ಒಂದು ಅಳತೆಯ ದೊಡ್ಡ ಬಗ್ಗಿ. ನೈಟ್ರೋ ಇಂಧನದಲ್ಲಿ ಓಡುವ ಇಂಥ ಬಗ್ಗಿಗಳ ಎಂಜಿನ್ ಬಲಕ್ಕೆ ಸಾಸಿವೆ ಗುಂಡುಗಳು ತಡೆಯುವುದಿಲ್ಲ. ಅಲ್ಲಿ ಮೊದಲಿನಿಂದಲೂ ಹಲ್ಲಿನ ಗೇರುಗಳೇ. ಮುಂದೊಂದು, ನಡುವೆ ಒಂದು, ಹಿಂದೊಂದು, ಹೀಗೆ ಮೂರು ಡಿಫ್. ಒಂದೊಂದೂ ಮುಚ್ಚಿದ ಡಬ್ಬಿ, ಒಳಗೆ ಗೇರುಗಳ ಸುತ್ತ ಸಿಲಿಕೋನ್ ಎಣ್ಣೆ. ಗೇರುಗಳು ಒಂದಕ್ಕೊಂದು ಬೇರೆ ವೇಗದಲ್ಲಿ ತಿರುಗಬೇಕಾದರೆ ಎಣ್ಣೆಯನ್ನು ಕಡೆಯಬೇಕು. ಎಣ್ಣೆ ತೆಳ್ಳಗಿದ್ದರೆ ಸುಲಭ, ದಪ್ಪಗಿದ್ದರೆ ಕಷ್ಟ. ಹಠ ಎಷ್ಟಿರಬೇಕು ಅನ್ನುವುದು ಎಣ್ಣೆಯಲ್ಲಿದೆ. ಹಾರ್ನೆಟ್ಟಿಗೆ ಗ್ರೀಸ್ ತುರುಕುತ್ತಿದ್ದ ಹುಡುಗರ ಉಪಾಯವೇ, ಆದರೆ ಸೋರದ ಡಬ್ಬಿಯಲ್ಲಿ, ಅಳತೆ ಇಟ್ಟು.

ಆ ಅಳತೆಯ ಹೆಸರು ಸೆಂಟಿಸ್ಟೋಕ್ಸ್. ನೀರು ಸುಮಾರು 1. ನಮ್ಮ ಹರಳೆಣ್ಣೆ ಸುಮಾರು 1000. ಬಗ್ಗಿಯ ಡಿಫ್ಫಿಗೆ 3000, 5000, 7000, ಇನ್ನೂ ದಪ್ಪದ್ದು ಬೇಕಾದರೆ ಲಕ್ಷ ದಾಟಿದ ಎಣ್ಣೆಯೂ ಸಿಗುತ್ತದೆ. ಐದು-ಐದು-ಮೂರು ಅಂದರೆ ಮುಂದೆ 5000, ನಡುವೆ 5000, ಹಿಂದೆ 3000.

ಯಾವುದಕ್ಕೆ ಏನಾಗುತ್ತದೆ ಅನ್ನುವುದೂ ಈಗ ಪಾಠದ ಹಾಗೆ ಕಲಿಯಬಹುದು. ಮುಂದಿನ ಎಣ್ಣೆ ತೆಳ್ಳಗಾದರೆ ಆಕ್ಸಿಲರೇಟರ್ ಬಿಟ್ಟಾಗ ಬಗ್ಗಿ ತಿರುವಿನೊಳಗೆ ಚುರುಕಾಗಿ ಬಾಗುತ್ತದೆ. ದಪ್ಪವಾದರೆ ತಿರುವಿಗೆ ಹೋಗುವಾಗ ಸ್ಥಿರ, ಹೊರಬರುವಾಗ ಮುಂದಿನ ಚಕ್ರಗಳು ಚೆನ್ನಾಗಿ ಎಳೆಯುತ್ತವೆ. ನಡುವಿನದು ತೆಳ್ಳಗಿದ್ದರೆ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಹಗುರಾದ ಮುಂದಿನ ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿ ಶಕ್ತಿ ಪೋಲು. ದಪ್ಪವಾದರೆ ಮುಂದೆ ಹಿಂದೆ ಎರಡೂ ಸೇರಿ ತಳ್ಳುತ್ತವೆ. ಹಿಂದಿನದು ತೆಳ್ಳಗಿದ್ದರೆ ತಿರುವಿನಲ್ಲಿ ಹಿಡಿತ ಜಾಸ್ತಿ. ದಪ್ಪವಾದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಬದಿ ಸರಿಯಲು ನೋಡುತ್ತದೆ.

2000ದ ದಶಕದ ಕೊನೆಯ ಹೊತ್ತಿಗೆ ಹತ್ತನೇ ಒಂದು ಅಳತೆಯ ಬಗ್ಗಿಗಳಿಗೂ ಬ್ರಷ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿ ಬಂದವು. ಬಲ ಎಲ್ಲಿಂದೆಲ್ಲಿಗೋ ಏರಿತು. ಟ್ರ್ಯಾಕುಗಳೂ ಬದಲಾದವು. ಮಣ್ಣಿನ ಬದಲು ಕೃತಕ ಹುಲ್ಲು, ಕಾರ್ಪೆಟ್, ಅಂದರೆ ಟೈರಿಗೆ ಭಾರೀ ಹಿಡಿತ. ಬಾಲ್ ಡಿಫ್ ಹೆಚ್ಚು ಕಡಿಮೆ ಪ್ರತಿ ವಾರ ಬಿಚ್ಚಿ ಕಟ್ಟುವಂತಾಯಿತು. 2010ರ ದಶಕದಲ್ಲಿ ಒಂದೊಂದೇ ಕಂಪನಿ ಎಣ್ಣೆ ತುಂಬಿದ ಗೇರ್ ಡಿಫ್ ಕೊಡತೊಡಗಿತು. ಗೇರ್ ಡಿಫ್ಫನ್ನು ಸೋಲಿಸಿ ಬಂದ ಬಾಲ್ ಡಿಫ್ಫನ್ನು ಮತ್ತೆ ಗೇರ್ ಡಿಫ್ಫೇ ಹೊರಗೆ ಕಳಿಸಿತು. ಜಾರುವ ಮಣ್ಣಿನಲ್ಲಿ ಓಡಿಸುವ ಕೆಲವರು ಈಗಲೂ ಬಿಟ್ಟಿಲ್ಲ ಅನ್ನುವುದು ಬೇರೆ ಮಾತು.

*

ಬಲ, ಟ್ರ್ಯಾಕು ಎಲ್ಲ ನಿಜವಾದ ಕಾರಣಗಳೇ. ಆದರೆ ನನ್ನ ಪ್ರಕಾರ ದೊಡ್ಡ ಬದಲಾವಣೆ ಬೇರೆ. ರೇಸಿನವರು ತಮ್ಮ ಬಗ್ಗಿಯ ಸೆಟ್ಟಿಂಗುಗಳನ್ನು ಒಂದು ಹಾಳೆಯಲ್ಲಿ ಬರೆದು ಹಂಚಿಕೊಳ್ಳುವ ಪದ್ಧತಿ ಇದೆ. ಶಾಕಿನ ಎಣ್ಣೆಗೆ ಅಂಕಿ ಇತ್ತು, ಸ್ಪ್ರಿಂಗಿಗೆ ಬಣ್ಣ ಇತ್ತು, ಚಕ್ರದ ಓರೆಗೆ ಡಿಗ್ರಿ ಇತ್ತು. ಬಾಲ್ ಡಿಫ್ಫಿಗೆ ಮಾತ್ರ ಬರೆಯಲು ಅಂಕಿಯೇ ಇರಲಿಲ್ಲ. ಚಾಂಪಿಯನ್ನಿನ ಹಾಳೆ ಸಿಕ್ಕರೂ ಅವನ ಹೆಬ್ಬೆರಳು ಸಿಗುತ್ತಿರಲಿಲ್ಲ. ಎಣ್ಣೆ ಬಂದ ಮೇಲೆ ಆ ಖಾನೆಯಲ್ಲೂ 5000 ಅಂತ ಬಂತು. ಬೆಂಗಳೂರಿನಲ್ಲಿ ಕೂತ ಹುಡುಗ, ಪಕ್ಕದಲ್ಲಿ ಹೇಳಿಕೊಡುವ ಹಿರಿಯರು ಯಾರೂ ಇಲ್ಲದಿದ್ದರೂ, ಯುರೋಪಿನ ಡ್ರೈವರ್ ಒಬ್ಬನ ಡಿಫ್ಫನ್ನು ತನ್ನ ಬಗ್ಗಿಗೆ ಹಾಕಿಕೊಳ್ಳಬಹುದು. ಇದು ಸಣ್ಣ ಮಾತಲ್ಲ. ಆ ಭಾನುವಾರ ಪಕ್ಕದ ಟೇಬಲ್ಲಿನಲ್ಲಿ ಆ ಹಿರಿಯರು ಇಲ್ಲದಿದ್ದರೆ ನನ್ನ ಆರ್‌ಸಿ10 ಅಟ್ಟ ಸೇರುತ್ತಿತ್ತು. ಹದ ಗೊತ್ತಿದ್ದವರ ಪಕ್ಕ ಕೂರುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಅಂಕಿಗೆ ಅದೃಷ್ಟ ಬೇಡ.

ಇಷ್ಟು ಬರೆದು ಅಂಕಿಯೇ ಗೆದ್ದಿತು ಅಂತ ಮುಗಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಕ್ಕನ ಮಗ ತನ್ನ ಡಿಫ್ ಬಿಚ್ಚಿಕೊಂಡು ಬಂದ. ಎರಡೂ ಸಲ 5000ವೇ ಹಾಕಿದ್ದಾನೆ, ಆದರೆ ಬಗ್ಗಿ ಕಳೆದ ವಾರದ ಹಾಗೆ ಓಡುತ್ತಿಲ್ಲವಂತೆ. ಬಾಟಲಿ ನೋಡಿದರೆ ಕಂಪನಿ ಬೇರೆ. ಒಬ್ಬರ 5000ವೂ ಇನ್ನೊಬ್ಬರ 5000ವೂ ಒಂದೇ ಆಗಿರಬೇಕಿಲ್ಲ. ಎಷ್ಟು ತುಂಬಿದ್ದೀಯ ಅಂದರೆ "ತುಂಬಾ" ಅಂದ! ಎಣ್ಣೆ ಒಳಗಿನ ಗೇರುಗಳ ಅಡ್ಡಕಡ್ಡಿ ಮುಳುಗುವಷ್ಟು ಇರಬೇಕು, ಗುಳ್ಳೆಗಳು ಮೇಲೆ ಬಂದು ಒಡೆಯುವ ತನಕ ಕಾಯಬೇಕು, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಬೇಕು. ರೇಸಿನ ಪಟುಗಳು ಪ್ರತಿ ಸಲ ಅಷ್ಟೇ ಎಣ್ಣೆ ಬೀಳಲಿ ಅಂತ ಚಿನ್ನದಂಗಡಿ ತಕ್ಕಡಿಯಂಥದ್ದರಲ್ಲಿ ಡಿಫ್ಫನ್ನು ತೂಗುತ್ತಾರೆ. ತೂಗಿ ಮುಚ್ಚಿದ ಮೇಲೂ ಕೊನೆಗೆ ಎರಡು ಬೆರಳಲ್ಲಿ ತಿರುಗಿಸಿ ನೋಡುತ್ತಾರೆ, ಸರಿ ಬಂತಾ ಅಂತ.

ಆ ಕೊನೆಯ ಎರಡು ಬೆರಳು ಇನ್ನೂ ಇದೆಯಲ್ಲ ಅಂತ ನನಗೆ ಒಳಗೊಳಗೇ ಖುಷಿಯಾಯಿತು.

ಸೆಟ್ಟು ಮಾಡಿದ ನನ್ನ ಆರ್‌ಸಿ10ನ್ನು ಅವನ ಕೈಗೆ ಕೊಟ್ಟೆ. "ಎರಡೂ ಚಕ್ರ ಹಿಡ್ಕೊಂಡು ಗೇರ್ ತಳ್ಳು" ಅಂದೆ. ತಳ್ಳಿದ. "ಈಗ ಬೋಲ್ಟ್ ಪೂರ್ತಿ ಬಿಚ್ಚಿ, ನೀನೇ ಹೀಗೆ ಮಾಡ್ಕೊಂಡು ಬಾ."

ಏಳನೇ ಸಲಕ್ಕೆ ಸರಿ ಬಂತು.

"ಇದು ಎಷ್ಟು ಮಾಮ?" ಅಂದ, ಮತ್ತೆ.

"ಇಷ್ಟು" ಅಂದೆ.